ಡಿಗ್ರಿ ಆಮೇಲೆ ನೋಡೋಣ, ಮೊದಲು ಬೂಟು ಎಲ್ಲಿ ಕೂತಿದೆ ಹೇಳಿ

ಪ್ರಶ್ನೆ: ಮೂರು ದಿನದಿಂದ ಸ್ನೋಬೋರ್ಡಿಂಗ್ ಕಲಿಯುತ್ತಿದ್ದೇನೆ. ಬೂಟು ನನ್ನದು, ಬೋರ್ಡ್ ಮತ್ತು ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಕಟ್ಟಿ ಹಿಡಿಯುವ ಪಟ್ಟಿಯ ಚೌಕಟ್ಟು) ಗೆಳೆಯನ ಹಳೆಯವು. ಅವನೇ ಕೂರಿಸಿಕೊಟ್ಟ. ಎರಡೂ ಪಾದ 21 ಡಿಗ್ರಿ ಹೊರಕ್ಕೆ, ನಡುವೆ 58 ಸೆಂ.ಮೀ. ಅಂತರ. ನನ್ನ ಎತ್ತರ 165 ಸೆಂ.ಮೀ. ಬಲಗೈಯವನು ಅಂತ ಎಡಗಾಲು ಮುಂದಿಟ್ಟಿದ್ದೇನೆ. ಹೀಲ್ ಸೈಡ್‌ನಲ್ಲಿ (ಹಿಮ್ಮಡಿ ಕಡೆಯ ಅಂಚಿನ ಮೇಲೆ) ಹೇಗೋ ನಿಲ್ಲುತ್ತೇನೆ, ಆದರೆ ಜಾಸ್ತಿ ವಾಲಿದರೆ ಬೋರ್ಡ್ ತಟಕ್ಕನೆ ಕಾಲಡಿಯಿಂದ ಜಾರಿಹೋಗುತ್ತದೆ. ಟೋ ಸೈಡ್ (ಕಾಲ್ಬೆರಳಿನ ಕಡೆಯ ಅಂಚು) ಅಂತೂ ಆಗುವುದೇ ಇಲ್ಲ, ಮೀನಖಂಡ ಉರಿಯುತ್ತದೆ. ಸಂಜೆ ಹೊತ್ತಿಗೆ ಮೊಣಕಾಲಿನ ಒಳಬದಿ ನೋವು. ನನಗೆ ಸರಿಯಾದ ಸ್ಟ್ಯಾನ್ಸ್, ಅಂದರೆ ಬೋರ್ಡಿನ ಮೇಲೆ ಪಾದ ಇಡುವ ರೀತಿ, ಯಾವುದು? ಎಷ್ಟು ಡಿಗ್ರಿ ಇಡಲಿ?

ಉತ್ತರ: ಎಲ್ಲರೂ ಕೇಳುವುದು ಡಿಗ್ರಿಯನ್ನೇ. ಆದರೆ ನೀವು ಹೇಳಿದ ತೊಂದರೆಗಳಲ್ಲಿ ಎರಡಕ್ಕೆ ಡಿಗ್ರಿ ಕಾರಣವೇ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಟೋ ಸೈಡ್‌ನಲ್ಲಿ ಮೀನಖಂಡ ಉರಿಯುವುದು, ಹೀಲ್ ಸೈಡ್‌ನಲ್ಲಿ ಜಾಸ್ತಿ ವಾಲಿದಾಗ ಬೋರ್ಡ್ ತಟಕ್ಕನೆ ಬಿಟ್ಟುಹೋಗುವುದು, ಈ ಎರಡೂ ಒಟ್ಟಿಗೆ ಬಂದರೆ ನಾನು ಮೊದಲು ನೋಡುವುದು ಬೂಟು ಬೋರ್ಡಿನ ಮೇಲೆ ಅಡ್ಡಕ್ಕೆ ಎಲ್ಲಿ ಕೂತಿದೆ ಅನ್ನುವುದನ್ನು. ನಿಮ್ಮ ಬೂಟು ಹಿಂದಕ್ಕೆ, ಅಂದರೆ ಹಿಮ್ಮಡಿ ಕಡೆಗೆ, ಸರಿದು ಕೂತಿರಬೇಕು.

ಈಗಲೇ ಪರೀಕ್ಷೆ ಮಾಡಿ. ಬೋರ್ಡನ್ನು ನೆಲದ ಮೇಲೆ ಇಡಿ, ಬೂಟನ್ನು ಬೈಂಡಿಂಗ್ ಒಳಗೆ ಹಾಕಿ, ಹಿಮ್ಮಡಿ ಪೂರ್ತಿ ಹಿಂದಕ್ಕೆ ಕೂರುವ ಹಾಗೆ ಬೂಟಿನ ಮೂತಿಗೆ ಒಂದು ತಟ್ಟು ತಟ್ಟಿ, ಎರಡೂ ಸ್ಟ್ರ್ಯಾಪ್ ಬಿಗಿ ಮಾಡಿ. ಆಮೇಲೆ ಬೋರ್ಡನ್ನು ಮಗುಚಿ, ತಳ ನಿಮ್ಮ ಕಡೆ ಬರುವ ಹಾಗೆ ಹಿಡಿಯಿರಿ. ಬೂಟಿನ ಮೂತಿ ಟೋ ಎಡ್ಜ್‌ನಿಂದ ಎಷ್ಟು ಹೊರಗೆ ಬಂದಿದೆ, ಹಿಮ್ಮಡಿ ಹೀಲ್ ಎಡ್ಜ್‌ನಿಂದ ಎಷ್ಟು ಹೊರಗೆ ಬಂದಿದೆ, ಸ್ಕೇಲ್ ಇಟ್ಟು ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡೂ ಕಡೆ 1ರಿಂದ 2 ಸೆಂ.ಮೀ. ಹೊರಗಿದ್ದರೆ ಪರವಾಗಿಲ್ಲ, ಅದು ಬೇಕಾದದ್ದೇ. ನಿಮ್ಮದರಲ್ಲಿ ಮುಂದೆ ಏನೂ ಇಲ್ಲ, ಹಿಂದೆ ಮೂರು ನಾಲ್ಕು ಸೆಂ.ಮೀ. ಇದೆ ಅಂತಾದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಯಾಕೆ ಅಂತ ಹೇಳುತ್ತೇನೆ. ಟೋ ಸೈಡ್‌ನಲ್ಲಿ ನೀವು ಮಾಡುವುದು ಬೋರ್ಡಿನ ಒಂದು ಅಂಚನ್ನು ಕಾಲ್ಬೆರಳಿನಿಂದ ಒತ್ತುವ ಕೆಲಸ. ಬೆರಳು ಅಂಚಿನ ಮೇಲೇ ಇದ್ದರೆ, ಮೊಣಕಾಲನ್ನು ಸ್ವಲ್ಪ ಮುಂದೆ ತಂದರೆ ಸಾಕು, ಬೂಟಿನ ನಾಲಿಗೆಗೆ ಮೊಣಗಂಟಿನ ಕೆಳಗಿನ ಮೂಳೆ ಒತ್ತಿ ಬೋರ್ಡ್ ತಾನೇ ವಾಲುತ್ತದೆ. ಬೆರಳು ಅಂಚಿನಿಂದ ಒಳಗಿದ್ದರೆ ಆ ಬಲ ಅಂಚಿಗೆ ತಲುಪುವುದಿಲ್ಲ. ಆಗ ಏನು ಮಾಡುತ್ತೀರಿ? ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಿಂತು ಒತ್ತಲು ನೋಡುತ್ತೀರಿ. ಅಟ್ಟದ ಮೇಲಿನ ಡಬ್ಬ ಎಟಕಿಸಿಕೊಳ್ಳಲು ತುದಿಗಾಲಲ್ಲಿ ನಿಲ್ಲುತ್ತೇವಲ್ಲ, ಹಾಗೆ. ಅದನ್ನು ಅರ್ಧ ಗಂಟೆ ಮಾಡಿದರೆ ಯಾರ ಮೀನಖಂಡ ಉರಿಯುವುದಿಲ್ಲ ಹೇಳಿ. ಇತ್ತ ಹೀಲ್ ಸೈಡ್‌ನಲ್ಲಿ ಉಲ್ಟಾ. ಹಿಮ್ಮಡಿ ಹೊರಗೆ ಚಾಚಿರುವುದರಿಂದ ಸುಲಭವಾಗಿ ವಾಲುತ್ತದೆ, "ಹೀಲ್ ಸೈಡ್ ಬರುತ್ತೆ" ಅಂತ ಖುಷಿಯಾಗುತ್ತದೆ. ಇನ್ನೂ ಸ್ವಲ್ಪ ವಾಲಿದ ತಕ್ಷಣ ಬೂಟಿನ ಹಿಮ್ಮಡಿ ಇಲ್ಲವೇ ಬೈಂಡಿಂಗ್‌ನ ಹೀಲ್ ಕಪ್ (ಹಿಮ್ಮಡಿಯನ್ನು ಹಿಂದಿನಿಂದ ಹಿಡಿಯುವ ಭಾಗ) ಹಿಮಕ್ಕೆ ತಾಗಿ, ಅಂಚನ್ನು ಹಿಮದಿಂದ ಮೇಲಕ್ಕೆ ಎತ್ತಿಬಿಡುತ್ತದೆ. ಬೋರ್ಡ್ ಜಾರುತ್ತದೆ, ನೀವು ಕುಂಡೆ ಮೇಲೆ ಕೂರುತ್ತೀರಿ. ಕಲಿಯುವವನು ಅದನ್ನು ತನ್ನ ತಪ್ಪು ಅಂತಲೇ ತಿಳಿಯುತ್ತಾನೆ.

ಇದು ಹೇಗೆ ಆಯಿತು ಅನ್ನುವುದಕ್ಕೂ ನನ್ನ ಹತ್ತಿರ ಒಂದು ಊಹೆ ಇದೆ. ಬೈಂಡಿಂಗ್‌ನ ನಡುವೆ ದುಂಡಗಿನ ಡಿಸ್ಕ್ ಇದೆಯಲ್ಲ, ಅದರಲ್ಲಿ ಸ್ಕ್ರೂ ಹಾಕುವ ಜಾಗ ಬರೀ ತೂತಲ್ಲ, ಉದ್ದನೆಯ ಸೀಳು. ಆ ಸೀಳು ಬೋರ್ಡಿನ ಅಡ್ಡಕ್ಕೆ ಇದ್ದರೆ ಬೈಂಡಿಂಗನ್ನು ಟೋ ಕಡೆಗೋ ಹೀಲ್ ಕಡೆಗೋ ಸರಿಸಬಹುದು. ಬೋರ್ಡಿನ ಉದ್ದಕ್ಕೆ ಇದ್ದರೆ ಎರಡು ಪಾದಗಳ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೊಂದಿಸಬಹುದು. ಹೆಚ್ಚಿನ ಡಿಸ್ಕ್‌ಗಳಲ್ಲಿ ಎರಡೂ ಒಟ್ಟಿಗೆ ಆಗುವುದಿಲ್ಲ. ನಿಮ್ಮ ಗೆಳೆಯ ತನಗೆ ಬೇಕಾದ ಅಗಲ ಸಿಗಲಿ ಅಂತ ಡಿಸ್ಕನ್ನು ಉದ್ದಕ್ಕೆ ತಿರುಗಿಸಿರಬಹುದು. ಅವನ ಬೂಟು ನಿಮ್ಮದಕ್ಕಿಂತ ಉದ್ದವಿದ್ದರೆ ಮುಂದೆಯೂ ಹಿಂದೆಯೂ ಚಾಚಿ ಅವನಿಗೆ ಸರಿಹೋಗಿತ್ತು. ನಿಮ್ಮ ಚಿಕ್ಕ ಬೂಟು ಅದೇ ಹೀಲ್ ಕಪ್‌ಗೆ ಒರಗಿ ಕೂತಾಗ ಕಡಿಮೆಯಾದದ್ದೆಲ್ಲ ಮುಂದಿನಿಂದಲೇ. ಹೌದೋ ಅಲ್ಲವೋ ಅಂತ ಡಿಸ್ಕ್ ಮುಚ್ಚಿರುವ ಮೆತ್ತೆ, ಅಂದರೆ ಫುಟ್‌ಬೆಡ್ ಎತ್ತಿ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಸರಿಮಾಡುವುದು ಸುಲಭ. ಡಿಸ್ಕ್ ಬಿಚ್ಚಿ, ಸೀಳು ಅಡ್ಡಕ್ಕೆ ಬರುವ ಹಾಗೆ ತಿರುಗಿಸಿ, ಬೈಂಡಿಂಗನ್ನು ಟೋ ಕಡೆಗೆ ಸರಿಸಿ, ಮತ್ತೆ ಬೂಟು ಹಾಕಿ ಅಳೆಯಿರಿ. ಕೆಲವು ಬೈಂಡಿಂಗ್‌ಗಳಲ್ಲಿ ಹೀಲ್ ಕಪ್ಪೇ ಹಿಂದೆ ಮುಂದೆ ಸರಿಯುತ್ತದೆ, ಅದನ್ನೂ ನೋಡಿ. ಮುಂಭಾಗದಲ್ಲಿ ಬೂಟಿನ ಬೆರಳಿನ ಕೆಳಗೆ ಚಾಚುವ ಗ್ಯಾಸ್ ಪೆಡಲ್ ಇದ್ದರೆ ಅದನ್ನೂ ಹೊಂದಿಸಿಕೊಳ್ಳಿ. ಬೂಟಿನ ತಳಕ್ಕೆ ಆಸರೆ ಸಿಗಬೇಕು, ಆದರೆ ಪೆಡಲ್ ಬೂಟಿಗಿಂತ ಮುಂದೆ ಹೋಗಬಾರದು. ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನಡುಮಧ್ಯ ಕೂರಬೇಕಾದದ್ದು ಬೂಟು, ಬೈಂಡಿಂಗ್ ಅಲ್ಲ. ಖಾಲಿ ಬೈಂಡಿಂಗನ್ನು ಚೆಂದವಾಗಿ ನಡುವೆ ಕೂರಿಸಿ "ಆಯ್ತು" ಅನ್ನುವವರು ಬಹಳ ಜನ.

ನಡುವೆ ಕೂರಿಸಿದ ಮೇಲೂ ಎರಡೂ ಕಡೆ 2 ಸೆಂ.ಮೀ.ಗಿಂತ ಬಹಳ ಜಾಸ್ತಿ ಹೊರಗೆ ಬರುತ್ತಿದ್ದರೆ ಬೋರ್ಡೇ ನಿಮ್ಮ ಬೂಟಿಗೆ ಕಿರಿದು ಅಂತ ಅರ್ಥ. ಅಂಥವರಿಗೆ ವೈಡ್ ಬೋರ್ಡ್ ಬೇಕು. ಬೋರ್ಡಿನ ಮೇಲೆ ಬರೆದಿರುವ ವೇಸ್ಟ್ ವಿಡ್ತ್ ಅಂದರೆ ಅತಿ ಕಿರಿದಾದ ಜಾಗದ ಅಳತೆ, ನಿಮ್ಮ ಪಾದ ನಿಲ್ಲುವ ಜಾಗ ಅದಕ್ಕಿಂತ ತುಸು ಅಗಲ. ಹಾಗಾಗಿ ಆ ಅಂಕಿ ನೋಡಿ ಗಾಬರಿಯಾಗಬೇಡಿ, ಸ್ಕೇಲ್ ಹೇಳುವುದನ್ನೇ ನಂಬಿ.

ಈಗ ಮೊಣಕಾಲು. ಇಲ್ಲಿ ಮಾತ್ರ ಡಿಗ್ರಿ ಮತ್ತು ಅಗಲದ ಮೇಲೆ ನನಗೆ ಅನುಮಾನ.

ಸೊನ್ನೆ ಡಿಗ್ರಿ ಅಂದರೆ ಪಾದ ಬೋರ್ಡಿಗೆ ನೇರ ಅಡ್ಡಕ್ಕೆ. ಬೋರ್ಡಿನ ಮೂತಿ ಕಡೆಗೆ ತಿರುಗಿದರೆ ಪ್ಲಸ್, ಬಾಲದ ಕಡೆಗೆ ತಿರುಗಿದರೆ ಮೈನಸ್. ಡಿಸ್ಕ್ ಮೇಲೆ ಸಾಮಾನ್ಯವಾಗಿ 3 ಡಿಗ್ರಿಗೆ ಒಂದು ಗೀಟು. ಮುಂದಿನ ಪಾದ ಪ್ಲಸ್, ಹಿಂದಿನದು ಮೈನಸ್ ಇದ್ದರೆ ಬಾತುಕೋಳಿ ನಿಂತ ಹಾಗೆ ಕಾಣುತ್ತದೆ, ಅದಕ್ಕೇ ಡಕ್ ಸ್ಟ್ಯಾನ್ಸ್ ಅಂತ ಹೆಸರು. ನಿಮ್ಮದು +21, -21. ಅಂದರೆ ಎರಡು ಪಾದಗಳ ನಡುವೆ 42 ಡಿಗ್ರಿ ಬಾಯಿ ತೆರೆದಿದೆ. ಸೊಂಟದ ಕೀಲು ಸಲೀಸಾಗಿ ಹೊರಕ್ಕೆ ತಿರುಗುವವರಿಗೆ ಇದು ಆರಾಮ. ತಿರುಗದವರಿಗೆ ಪಾದವೊಂದು ಕಡೆ, ಮೊಣಕಾಲೊಂದು ಕಡೆ. ಮೊಣಕಾಲು ಬಾಗಿಲಿನ ಕೀಲಿನಂತೆ ಹಿಂದೆ ಮುಂದೆ ಮಡಚಲು ಇರುವ ಕೀಲು, ತಿರುಚಲು ಅಲ್ಲ. ಬೂಟು ಬೋರ್ಡಿಗೆ ಕಟ್ಟಿಹಾಕಿದೆ, ಸೊಂಟ ತಿರುಗುತ್ತಿಲ್ಲ, ಮಿಕ್ಕ ತಿರುಚು ಎಲ್ಲಿಗೆ ಹೋಗಬೇಕು? ಅದರ ಮೇಲೆ 58 ಸೆಂ.ಮೀ. ಅಗಲ ಬೇರೆ. ನಿಮ್ಮ ಎತ್ತರಕ್ಕೆ ಅದು ಜಾಸ್ತಿಯೇ. ಕಾಲು ಅಷ್ಟು ಅಗಲಿಸಿ ಬಗ್ಗಿದರೆ ಮೊಣಕಾಲು ಒಳಕ್ಕೆ ಕುಸಿಯುತ್ತದೆ, ಸಂಜೆಗೆ ಒಳಬದಿ ನೋವು.

ನಿಮ್ಮ ಪಾದಕ್ಕೆ ಎಷ್ಟು ಬೇಕು ಅನ್ನುವುದನ್ನು ನನ್ನನ್ನು ಕೇಳುವ ಬದಲು ಪಾದವನ್ನೇ ಕೇಳಿ. ಎರಡು ಹಾಳೆ ನ್ಯೂಸ್‌ಪೇಪರ್ ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಪಾದ ಒದ್ದೆ ಮಾಡಿಕೊಳ್ಳಿ, ಪೂರ್ತಿ ತೊಟ್ಟಿಕ್ಕುವಷ್ಟಲ್ಲ, ಜಾರಿ ಬಿದ್ದೀರಿ. ಕಣ್ಣು ಮುಚ್ಚಿ, ಇದ್ದಲ್ಲೇ ಮೂರು ಸಲ ಸಣ್ಣಗೆ ಹಾರಿ, ಮೂರನೇ ಸಲ ಮೊಣಕಾಲು ಬಗ್ಗಿಸಿಯೇ ನಿಂತುಬಿಡಿ. ಪಾದ ಸರಿಮಾಡಿಕೊಳ್ಳಬೇಡಿ. ಯಾರಾದರೂ ಪಕ್ಕದಲ್ಲಿದ್ದರೆ ಪೆನ್ಸಿಲ್‌ನಲ್ಲಿ ಎರಡೂ ಪಾದದ ಸುತ್ತ ಗೀಟು ಎಳೆಯಲಿ. ಹಿಮ್ಮಡಿಯ ನಡುವಿನಿಂದ ಎರಡನೇ ಬೆರಳಿಗೆ ಒಂದು ಗೆರೆ ಎಳೆದು, ಶಾಲೆಯ ಜ್ಯಾಮಿಟ್ರಿ ಬಾಕ್ಸ್‌ನಲ್ಲಿದ್ದ ಕೋನಮಾಪಕ ಇಟ್ಟು ಅಳೆದರೆ ನಿಮ್ಮ ಪಾದ ತಾನಾಗಿ ಎಷ್ಟು ಹೊರಕ್ಕೆ ತಿರುಗುತ್ತದೆ ಅನ್ನುವುದು ಸಿಗುತ್ತದೆ. ಒಂದು ಪಾದ ಇನ್ನೊಂದಕ್ಕಿಂತ ಜಾಸ್ತಿ ತಿರುಗಿದ್ದರೆ ಆಶ್ಚರ್ಯ ಬೇಡ, ತುಂಬಾ ಜನರಿಗೆ ಹಾಗೇ ಇರುತ್ತದೆ. ಎರಡು ಪಾದದ ನಡುಭಾಗಗಳ ಅಂತರವನ್ನೂ ಅಳೆದಿಟ್ಟುಕೊಳ್ಳಿ.

ಇದು ಪರಮಸತ್ಯ ಅಲ್ಲ, ಶುರುಮಾಡಲು ಒಂದು ಗುರುತು ಅಷ್ಟೇ.

ನಾನಾದರೆ ನಿಮ್ಮ ಬೋರ್ಡಿಗೆ ಮುಂದೆ +15, ಹಿಂದೆ -6 ಇಟ್ಟು ಕಳಿಸುತ್ತೇನೆ. ಪೇಪರ್ ಮೇಲೆ ಪಾದ ಜಾಸ್ತಿ ತಿರುಗಿದ್ದರೆ ಹಿಂದಿನದು -9 ಅಥವಾ -12 ಮಾಡಿ. ಹಿಂದಿನ ಪಾದಕ್ಕೆ ಸ್ವಲ್ಪವಾದರೂ ಮೈನಸ್ ಯಾಕೆ ಅಂದರೆ, ಮೊದಲ ದಿನಗಳಲ್ಲಿ ನೀವು ಎರಡೂ ದಿಕ್ಕಿಗೆ ಹೋಗುತ್ತೀರಿ. ಇಳಿಜಾರಿನಲ್ಲಿ ಒಂದೇ ಅಂಚಿನ ಮೇಲೆ ಎಡಕ್ಕೆ ಬಲಕ್ಕೆ ತೇಲುತ್ತಾ ಇಳಿಯುವ ಫಾಲಿಂಗ್ ಲೀಫ್ ಅಭ್ಯಾಸ ಮಾಡಿಸುತ್ತಾರಲ್ಲ, ಆಗ ಅರ್ಧ ದಾರಿ ಹಿಂದಿನ ಕಾಲೇ ಮುಂದಿರುತ್ತದೆ. ಎರಡೂ ಪಾದ ಒಂದೇ ಕಡೆ ತಿರುಗಿದ್ದರೆ ಅದು ತುಂಬಾ ಮುಜುಗರ. ಮುಂದಿನ ಪಾದಕ್ಕೆ 15 ಯಾಕೆ ಅನ್ನುವುದು ಲಿಫ್ಟ್ ಹತ್ತುವಾಗ ತಿಳಿಯುತ್ತದೆ. ಹಿಂದಿನ ಕಾಲು ಬಿಚ್ಚಿ, ಒಂದೇ ಕಾಲಿಗೆ ಬೋರ್ಡ್ ಕಟ್ಟಿಕೊಂಡು ಸ್ಕೇಟ್ ಮಾಡುತ್ತಾ ಹೋಗುವಾಗ ಬೋರ್ಡ್ ಮುಂದಕ್ಕೆ ನೋಡುತ್ತಿರುತ್ತದೆ, ನೀವೂ ಮುಂದಕ್ಕೆ ನೋಡುತ್ತಿರುತ್ತೀರಿ, ನಡುವೆ ಸಿಕ್ಕಿಕೊಂಡದ್ದು ಮೊಣಕಾಲು. ಪಾದ ಮುಂದಕ್ಕೆ ತಿರುಗಿದಷ್ಟೂ ಅದಕ್ಕೆ ಹಿಂಸೆ ಕಡಿಮೆ. ಅಂದಹಾಗೆ, ಚೇರ್‌ಲಿಫ್ಟ್‌ನಲ್ಲಿ ಕೂತಾಗ ಬೋರ್ಡನ್ನು ಒಂದೇ ಕಾಲಲ್ಲಿ ನೇತಾಡಲು ಬಿಡಬೇಡಿ, ಬಿಚ್ಚಿದ ಕಾಲಿನ ಬೂಟನ್ನು ಅದರ ಕೆಳಗೆ ಆಸರೆ ಕೊಡಿ. ಒಳಬದಿ ನೋವಿಗೆ ಅದೂ ಒಂದು ಕಾರಣ ಇದ್ದೀತು.

ಅಗಲಕ್ಕೆ ಬಂದರೆ, ಅಳೆಯುವುದು ಒಂದು ಡಿಸ್ಕಿನ ನಡುವಿನಿಂದ ಇನ್ನೊಂದರ ನಡುವಿಗೆ. ಭುಜದಷ್ಟು ಅಥವಾ ಅದಕ್ಕಿಂತ ತುಸು ಜಾಸ್ತಿ ಅನ್ನುವುದು ಹಳೆಯ ಲೆಕ್ಕ, ಈಗಲೂ ಸರಿಯಾದದ್ದೇ. 165 ಸೆಂ.ಮೀ. ಎತ್ತರಕ್ಕೆ 50ರ ಆಸುಪಾಸಿನಿಂದ ಶುರುಮಾಡಿ. ನಿಮ್ಮ ಬೋರ್ಡ್ 2x4 ಅನ್ನುವ ತೂತಿನ ವಿನ್ಯಾಸದ್ದಾದರೆ ಉದ್ದಕ್ಕೆ ಪ್ರತಿ 2 ಸೆಂ.ಮೀ.ಗೆ ಒಂದು ತೂತು. ಎರಡೂ ಬೈಂಡಿಂಗನ್ನು ಎರಡೆರಡು ತೂತು ಒಳಕ್ಕೆ ತಂದರೆ 58 ಇದ್ದದ್ದು 50 ಆಗುತ್ತದೆ. 4x4 ಆದರೆ ತೂತುಗಳ ನಡುವೆ 4 ಸೆಂ.ಮೀ., ಒಂದೊಂದು ಸರಿಸಿದರೆ ಅಷ್ಟೇ ಆಗುತ್ತದೆ. ತೂತಿನ ಬದಲು ಉದ್ದನೆಯ ಕಾಲುವೆ ಇದ್ದರೆ, ಅಂದರೆ ಬರ್ಟನ್‌ನವರ ಚಾನೆಲ್, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿಕೊಳ್ಳಬಹುದು. ಯಾವುದೇ ಇರಲಿ, ಎರಡೂ ಕಡೆ ಸಮ ಸಮ ಸರಿಸಿ. ಒಂದನ್ನೇ ಸರಿಸಿದರೆ ನೀವು ಬೋರ್ಡಿನ ಮೇಲೆ ಹಿಂದಕ್ಕೋ ಮುಂದಕ್ಕೋ ಹೋಗಿಬಿಡುತ್ತೀರಿ. ಬೋರ್ಡ್ ಮಾಡಿದವರು ತೂತುಗಳ ಪಕ್ಕ ಒಂದು ಗುರುತು ಹಾಕಿರುತ್ತಾರೆ, ಅದು ರೆಫರೆನ್ಸ್ ಸ್ಟ್ಯಾನ್ಸ್. ಅದನ್ನೇ ನಡುಬಿಂದು ಅಂತ ಇಟ್ಟುಕೊಳ್ಳಿ. ಆಳದ ಪೌಡರ್ ಹಿಮದಲ್ಲಿ ಮೂತಿ ಮುಳುಗದಿರಲಿ ಅಂತ ಹಿಂದಕ್ಕೆ ಸರಿಸುವ ಪದ್ಧತಿ ಇದೆ, ಅದು ನಿಮಗೆ ಈಗ ಬೇಡ. ಕಲಿಯುವವರು ಹೆದರಿ ಹೇಗೂ ಹಿಂದಿನ ಕಾಲಿಗೆ ಭಾರ ಹಾಕುತ್ತಾರೆ, ಬೈಂಡಿಂಗೂ ಹಿಂದಿದ್ದರೆ ಬೋರ್ಡ್ ತಿರುಗುವುದೇ ಇಲ್ಲ.

ಇಷ್ಟು ಮಾಡಿ, ಮನೆಯೊಳಗೆ ಕಾರ್ಪೆಟ್ ಮೇಲೋ ಹಳೆಯ ಕಂಬಳಿ ಮೇಲೋ ಬೋರ್ಡ್ ಇಟ್ಟು ಎರಡೂ ಕಾಲು ಕಟ್ಟಿಕೊಂಡು ನಿಲ್ಲಿ. ನಿಧಾನವಾಗಿ ಅರ್ಧ ಕುಕ್ಕರುಗಾಲಿಗೆ ಇಳಿಯಿರಿ. ಮೇಲಿನಿಂದ ನೋಡಿದರೆ ಮೊಣಕಾಲು ಆಯಾ ಪಾದದ ಎರಡನೇ ಬೆರಳಿನ ಮೇಲೆ ಬರಬೇಕು. ಒಳಕ್ಕೆ ಬಿದ್ದರೆ ಡಿಗ್ರಿ ಕಡಿಮೆ ಮಾಡಿ ಇಲ್ಲವೇ ಅಂತರ ಕಡಿಮೆ ಮಾಡಿ. ಒಂದು ಸಲಕ್ಕೆ ಒಂದೇ ಬದಲಿಸಿ, ಎರಡನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಪ್ರತಿ ಸಲ ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಇಷ್ಟಾದ ಮೇಲೂ ನೋವು ಹೋಗದಿದ್ದರೆ ಬೋರ್ಡನ್ನು ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ, ಸ್ಕ್ರೂಡ್ರೈವರ್‌ನಿಂದ ಗುಣವಾಗುವ ನೋವಲ್ಲ ಅದು.

ಇನ್ನು ಬಲಗೈ ವಿಷಯ. ಬಲಗೈಯವನು ಅಂದರೆ ಎಡಗಾಲು ಮುಂದೆ ಅನ್ನುವುದು ಸುಮ್ನೆ ಮಾತು. ಎಡಗಾಲು ಮುಂದಿಟ್ಟರೆ ರೆಗ್ಯುಲರ್, ಬಲಗಾಲು ಮುಂದಿಟ್ಟರೆ ಗೂಫಿ. ಹೆಸರು ಕೇಳಿ ಎರಡನೆಯದು ಏನೋ ಕಡಿಮೆ ಅಂದುಕೊಳ್ಳಬೇಡಿ. ಬಲಗೈಯಲ್ಲಿ ಬರೆಯುವ ಗೂಫಿಗಳು ಬೇಕಾದಷ್ಟು ಜನ ಇದ್ದಾರೆ. ಹಿಂದಿನಿಂದ ತಳ್ಳಿ ಯಾವ ಕಾಲು ಮುಂದೆ ಬರುತ್ತದೆ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು, ನನಗೆ ಅದರಲ್ಲಿ ನಂಬಿಕೆ ಕಡಿಮೆ. ತಳ್ಳುತ್ತಾರೆ ಅಂತ ಗೊತ್ತಿದ್ದರೆ ಮೈ ಮೊದಲೇ ತಯಾರಾಗಿರುತ್ತದೆ, ಗೊತ್ತಿಲ್ಲದೆ ತಳ್ಳಿದರೆ ಜಗಳವಾಗುತ್ತದೆ. ಸಾಕ್ಸ್ ಹಾಕಿಕೊಂಡು ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ಓಡಿ ಜಾರಿ. ಚಿಕ್ಕಂದಿನಲ್ಲಿ ಮಾಡುತ್ತಿದ್ದೆವಲ್ಲ, ಹಾಗೇ. ಐದಾರು ಸಲ ಜಾರಿದರೆ ಪ್ರತಿ ಸಲವೂ ಅದೇ ಕಾಲು ಮುಂದೆ ಬರುವುದು ಕಾಣುತ್ತದೆ. ಅದೇ ನಿಮ್ಮ ಮುಂಗಾಲು. ಎರಡೂ ಒಂದೇ ಥರ ಅನ್ನಿಸಿದರೆ ಎರಡನ್ನೂ ಒಂದೊಂದು ದಿನ ಹಿಮದ ಮೇಲೆ ಪ್ರಯತ್ನಿಸಿ.

ಬದಲಿಸುವುದಾದರೆ ಒಂದು ಎಚ್ಚರ. ಎಡಗಾಲಿನ ಬೈಂಡಿಂಗ್ ಎಡಗಾಲಿಗೇ ಇರುತ್ತದೆ, ಬಕಲ್ ಹೊರಬದಿಗೆ ಬರಬೇಕು. ಬದಲಾಗುವುದು ಡಿಗ್ರಿ. ಈಗ ಬಲಗಾಲಿಗೆ +15, ಎಡಗಾಲಿಗೆ -6. ಬೋರ್ಡಿನ ಮೂತಿ, ಬಾಲ ಬೇರೆ ಬೇರೆ ಆಕಾರದ್ದಾದರೆ ಬೈಂಡಿಂಗ್ ಎರಡನ್ನೂ ಬಿಚ್ಚಿ, ಬೋರ್ಡ್ ತಿರುಗಿಸಿ ಮತ್ತೆ ಕೂರಿಸಬೇಕಾಗುತ್ತದೆ, ಇಲ್ಲದಿದ್ದರೆ ಬಾಲ ಮುಂದೆ ಮಾಡಿಕೊಂಡು ಇಳಿಯುತ್ತೀರಿ.

ಉಳಿದ ಚಿಲ್ಲರೆ ವಿಷಯ ಬೇಗ ಹೇಳಿಬಿಡುತ್ತೇನೆ. ಹೈಬ್ಯಾಕ್, ಅಂದರೆ ಮೀನಖಂಡಕ್ಕೆ ಒರಗುವ ಹಿಂದಿನ ಹಲಗೆ, ಮುಂದಕ್ಕೆ ವಾಲುವ ಅಳತೆಯನ್ನು ಸೊನ್ನೆಗೆ ಇಡಿ. ಅದು ಜಾಸ್ತಿ ಇದ್ದರೆ ಹೀಲ್ ಎಡ್ಜ್ ಬೇಗ ಕಚ್ಚುತ್ತದೆ ನಿಜ, ಆದರೆ ದಿನವಿಡೀ ಮೊಣಕಾಲು ಬಗ್ಗಿಸಿಯೇ ನಿಲ್ಲಿಸುತ್ತದೆ. ಆ್ಯಂಕಲ್ ಸ್ಟ್ರ್ಯಾಪ್ ಬೂಟಿನ ನಡುವೆ ಬರಲಿ, ಟೋ ಸ್ಟ್ರ್ಯಾಪ್ ಬೂಟಿನ ಮೂತಿಗೆ ಟೋಪಿ ಹಾಕಿದ ಹಾಗೆ ಕೂರಲಿ. ಹಿಮ್ಮಡಿ ಮೇಲೇಳದಷ್ಟು ಬಿಗಿ, ಬೆರಳು ಜೋಮು ಹಿಡಿಯದಷ್ಟು ಸಡಿಲ. ಬೈಂಡಿಂಗ್‌ನ ಸೈಜ್ ಬೂಟಿಗೆ ಹೊಂದಬೇಕು, ಗೆಳೆಯನ ಲಾರ್ಜ್ ಬೈಂಡಿಂಗ್‌ನಲ್ಲಿ ನಿಮ್ಮ ಬೂಟು ಅಕ್ಕಪಕ್ಕ ಅಲ್ಲಾಡುತ್ತಿದ್ದರೆ ಮೇಲೆ ಹೇಳಿದ್ದೆಲ್ಲ ನೀರಲ್ಲಿ ಹೋಮ. ಹೊಸದು ಕೊಳ್ಳುವಾಗ ಮೆತ್ತನೆಯ ಇಲ್ಲವೇ ಮಧ್ಯಮ ಬಿಗಿಯದ್ದು ನೋಡಿ. ಗಟ್ಟಿ ಬೈಂಡಿಂಗ್ ಸಣ್ಣ ತಪ್ಪನ್ನೂ ಬೋರ್ಡಿಗೆ ಹೇಳಿಬಿಡುತ್ತದೆ. ಸ್ಕೀ ಬೈಂಡಿಂಗ್‌ನ ಹಾಗೆ ಇವು ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ, ಎರಡೂ ಕಾಲು ಕಟ್ಟಿದ್ದು ಕಟ್ಟಿದ ಹಾಗೇ. ಬೀಳುವಾಗ ಕೈ ಊರುವುದರಿಂದ ಕಲಿಯುವವರಿಗೆ ಮಣಿಕಟ್ಟಿಗೇ ಪೆಟ್ಟು ಜಾಸ್ತಿ, ರಿಸ್ಟ್ ಗಾರ್ಡ್ ಹಾಕಿಕೊಳ್ಳಿ.

ಸ್ಕ್ರೂ ಬಗ್ಗೆ ಮಾತ್ರ ಬೇಗ ಮುಗಿಸಲು ನನಗೆ ಮನಸ್ಸಿಲ್ಲ, ಯಾಕೆಂದರೆ ಅದರಲ್ಲಿ ಪೆಟ್ಟು ತಿಂದವನು ನಾನು. ನನ್ನ ಮೊದಲ ವರ್ಷ, ಮೊದಲ ಸಲ ನಾನೇ ಬೈಂಡಿಂಗ್ ಕೂರಿಸಿದ್ದೆ. ಮನೆಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್‌ನಲ್ಲಿ, ಅದೂ ಜಂಬದಿಂದ. ಎರಡನೇ ರನ್‌ನಲ್ಲಿ (ಎರಡನೇ ಸಲ ಇಳಿಯುವಾಗ) ಹಿಂದಿನ ಕಾಲು ಯಾಕೋ ಮೂತಿ ಕಡೆಗೆ ನೋಡತೊಡಗಿತು. ನಾನು ಸೊಂಟ ತಿರುಗಿಸಿ ಸರಿಮಾಡಿಕೊಳ್ಳುತ್ತೇನೆ, ಅದು ಮತ್ತೆ ತಿರುಗುತ್ತದೆ. ಕೂತು ಫುಟ್‌ಬೆಡ್ ಎತ್ತಿ ನೋಡಿದರೆ ನಾಲ್ಕು ಸ್ಕ್ರೂಗಳಲ್ಲಿ ಎರಡೇ ಇದ್ದವು, ಆ ಎರಡೂ ಬೆರಳಿಗೇ ತಿರುಗುತ್ತಿದ್ದವು. ಬೋರ್ಡ್ ಹೊತ್ತುಕೊಂಡು ನಡೆದೇ ಇಳಿದೆ.

ಹಾಗಾಗಿ ನೀವು 3ನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್ ತನ್ನಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 2ನೇ ನಂಬರು, ಅದು ಸ್ಕ್ರೂವಿನ ತಲೆ ತಿಂದುಹಾಕುತ್ತದೆ. ಮೊದಲು ನಾಲ್ಕನ್ನೂ ಕೈಯಲ್ಲೇ ಒಂದೆರಡು ಸುತ್ತು ಹಾಕಿ, ಗೀಟು ಸರಿಯಾದ ಡಿಗ್ರಿಗೆ ಕೂತಿದೆಯೇ, ಡಿಸ್ಕಿನ ಹಲ್ಲು ಬೈಂಡಿಂಗ್‌ನ ಹಲ್ಲಿಗೆ ಕಚ್ಚಿದೆಯೇ ನೋಡಿ, ಆಮೇಲೆ ಕಾರಿನ ಚಕ್ರದ ನಟ್ಟಿನ ಹಾಗೆ ಎದುರು ಬದುರು ಬಿಗಿಯುತ್ತಾ ಹೋಗಿ. ಕೈಯಿಂದ ಗಟ್ಟಿಯಾಗಿ ಬಿಗಿದರೆ ಸಾಕು, ಪವರ್ ಡ್ರಿಲ್ ಬೇಡ. ಅತಿಯಾಗಿ ಬಿಗಿದರೆ ಬೋರ್ಡಿನೊಳಗೆ ಕೂರಿಸಿರುವ ಲೋಹದ ಇನ್ಸರ್ಟ್ ಮೇಲಕ್ಕೆ ಎಳೆದುಕೊಂಡು ತಳದಲ್ಲಿ ಗುಳಿ ಬೀಳುತ್ತದೆ. ಮೊದಲ ರನ್ ಮುಗಿದ ತಕ್ಷಣ ಒಮ್ಮೆ, ಮಧ್ಯಾಹ್ನ ಒಮ್ಮೆ ಮತ್ತೆ ಬಿಗಿದು ನೋಡಿ. ಚಿಕ್ಕ ಟೂಲ್ ಜೇಬಿನಲ್ಲೇ ಇರಲಿ, ಜೊತೆಗೆ ಒಂದೆರಡು ಹೆಚ್ಚಿನ ಸ್ಕ್ರೂ.

ಮೊದಲ ಅರ್ಧ ದಿನ ಹೊಸ ಸೆಟಪ್ ವಿಚಿತ್ರ ಅನ್ನಿಸುತ್ತದೆ, ಹಳೆಯದಕ್ಕೆ ಮೈ ಒಗ್ಗಿಹೋಗಿರುತ್ತದೆ ಅಲ್ವಾ. ಅಷ್ಟರಲ್ಲೇ ಮತ್ತೆ ಸ್ಕ್ರೂ ಬಿಚ್ಚಬೇಡಿ. ಬೂಟು ನಡುವೆ ಕೂತು ಎರಡು ದಿನವಾದ ಮೇಲೂ ಟೋ ಸೈಡ್ ಬರದಿದ್ದರೆ, ಬೂಟಿನ ಹೊರಗಿನ ಉದ್ದ, ಬೋರ್ಡಿನ ವೇಸ್ಟ್ ಅಳತೆ, ಮಗುಚಿ ಹಿಡಿದ ಬೋರ್ಡಿನ ಒಂದು ಫೋಟೋ, ಈ ಮೂರನ್ನೂ ಕಳಿಸಿ, ನೋಡಿ ಹೇಳುತ್ತೇನೆ.